ಊಟ ಸೇರಿಲ್ಲ

ನಿನ್ನಿ ಲಗ್ನ ಆದ ಕಾರ್ಯಾಲಯದಾಗ
ಇವತ್ತು ಪರದೇಶ ಮಾರ್ಲಿಕ್ಕೆ ಕುಂತಾರ.
ನೆಲದ ಮ್ಯಾಲ ಅಕ್ಷತಿ ಇನ್ನೂ ಅದ,
ಮಂದಿ ಚಪ್ಪಲಿಗೆ ಹತ್ತಿ
ಸಿಂಗಾಪುರದ ಟೇಬಲ್ಲಿನಿಂದ ಸಿಮ್ಲಾಕ ಹೊಂಟದ.

ಬಾಗಲದಾಗ ಒಂದು ಚೀಟಿ ತುಂಬಿಸ್ಕೊಂಡ್ರು.
ಹೆಸರು, ಫೋನು, ಕನಸಿನ ಊರು ಯಾವುದು.
ನೆಗೆಣ್ಣಿ ಮಹಾನಂದಾ ತುಳಜಾಪುರ ಅಂತ ಬರದ್ಲು.
ಹ್ವಾದ ತಿಂಗಳ ಹೋಗಿದ್ದೆವಲ್ಲ ಅಂದೆ.
ಹೂಂ, ಛಲೋ ಇತ್ತಲ್ಲ ಅಂದ್ಲು.
ನಾ ಆ ಜಾಗಾ ಖಾಲಿ ಬಿಟ್ಟೆ.

ಸೊಲ್ಲಾಪುರದ ಸ್ಟ್ಯಾಂಡಿನ ಹಿಂದ ನಮ್ಮ ಮೆಸ್ಸು.
ಇಪ್ಪತ್ತೆರಡು ವರ್ಷ, ದಿನಾ ಮುನ್ನೂರು ಭಕ್ರಿ,
ಚಾದರ ಕಾರ್ಖಾನಿಯವ್ರು, ಔಷಧಿ ಮಾರೋ ಹುಡುಗ್ರು,
ಉಮರ್ಗಾದವ, ಇಂಡಿಯವ, ಒಬ್ಬಾವ ಅದೆಲ್ಲೋ ಬಿಹಾರದಿಂದ.
ಎಲ್ಲಾರೂ ಎಲ್ಲಿಂದರೆ ಬಂದವ್ರೇ.
ನಾವಿಬ್ಬರಷ್ಟೇ
ಹಂಚಿನ ಮುಂದಿಂದ ಪರಾತದ ಮುಂದ,
ಪರಾತದ ಮುಂದಿಂದ ಹಂಚಿನ ಮುಂದ.
ಈ ಸಲ ಭಿಶಿ ನಮಗ ಎದ್ದಿತ್ತು,
ರೊಕ್ಕ ಮಹಾನಂದಾನ ಕುಬಸದೊಳಗ ಬೆಚ್ಚಗಿತ್ತು.

ಮೊದಲನೇ ಟೇಬಲ್ಲಿನಾವ ಟೈ ಕಟ್ಟಿದ್ದ.
ಬರಫಿನ ಡೋಂಗರದ ಚಿತ್ರ ಬಿಚ್ಚಿ ಹೇಳ್ದ:
ಮೌಶಿ, ಚಿಂತಿ ಬ್ಯಾಡ,
ನಮ್ಮ ಅಡಗಿಯವ್ರು ಸಂಗಾಟನೇ ಬರ್ತಾರ,
ಆ ತಂಪಿನಾಗೂ ಬಿಸಿ ಭಕ್ರಿ, ಝುಣಕಾ,
ಶೇಂಗಾ ಚಟ್ನಿ ಬೇಕಾದಷ್ಟು.
ಎರಡನೇದಾವನೂ ಅದನ್ನೇ ಹೇಳ್ದ.
ಮೂರನೇದಾವ ಹೋಳಿಗಿ ಕೂಡಿಸ್ದ.
ನನಗ ಹೊಟ್ಟಿ ಉರೀತು.
ಸಮುದ್ರ ದಾಟಿ ಹೋಗಿ
ಮತ್ತ ನನ್ನ ಕೈ ಅಡಗೀನೇ ಉಣಬೇಕೇನು?

ಮಹಾನಂದಾ ಚೌಕಾಶಿಗೆ ನಿಂತಿದ್ಲು.
ನುಣುಪು ಕಾಗದಕ್ಕ ಉಗುರು ಒತ್ತಿ ನೋಡಿ,
ಬದನಿಕಾಯಿ ಎಳೇದು ಬಲತದ್ದು ನೋಡಿದಂಗ,
ಒಂದೂವರಿ ಲಕ್ಷನಾ?
ರಾತ್ರಿದು ಯಾಕ ಹಚ್ಚೀರಿ, ನಿದ್ದಿಯಾಗ ಏನ್ ಕಾಣ್ತದ?
ರಾತ್ರಿ ತಗದು ಹೇಳ್ರಿ.
ಟೈ ಕಟ್ಟಿದಾವ ಲೆಕ್ಕಾನೇ ಮರ್ತ.

ಆಮ್ಯಾಲ ಕೇಳ್ದ, ನೀವು ಏನ್ ಮಾಡ್ತೀರಿ?
ಮೆಸ್ಸು ಅಂದೆ.
ಎದ್ದು ಕುರ್ಚಿ ಹಾಕ್ದ, ತಂಪು ನೀರು ತರಿಸ್ದ,
ಮಾಲಕರನ್ನ ಕರದ.
ಮಾಲಕರು ಬೆರಳಿನಾಗ ನಾಕು ಉಂಗುರದವ್ರು,
ಕೈ ಮುಗದು ಅಂದ್ರು:
ಬಾಯಾರ, ನೀವು ರೊಕ್ಕ ಕೊಡೂದೇ ಬ್ಯಾಡ, ನಾವೇ ಕೊಡ್ತೀವಿ.
ಹನ್ನೊಂದು ದಿನ, ಏಳು ದೇಶ, ಐವತ್ತು ತಾಟು.
ನಸಕಿನ್ಯಾಗ ನಾಕಕ್ಕ ಎದ್ರಾತು.

ಏಳು ದೇಶ.
ಖರೇನೇ ಒಂದು ಗಳಗಿ ನನ್ನ ಜೀವ ಹೂಂ ಅಂತು.
ಅಲ್ಲಿ ಅಡಗಿಮನಿಗೆ ಖಿಡಕಿ ಇರ್ತದೇನ್ರಿ? ಅಂದೆ.
ಅವ್ರು ನಕ್ರು.
ಉತ್ತರ ಹೇಳಲಿಲ್ಲ.

ಕೈ ತೊಳೀಯೋ ನಳದ ಬಾಜೂಕ
ಕಡೀ ಟೇಬಲ್ಲು, ಅದರ ಒಂದು ಕಾಲು ಗಿಡ್ಡ.
ಗಾಜುಲರ ಮನಿ ಹುಡುಗಿ ರೇವತಿ,
ಎರಡು ಕುರ್ಚಿ, ಒಂದು ಸಮುದ್ರದ ಫೋಟೋ.
ಪುದುಚೇರಿ, ನಾಕು ರಾತ್ರಿ, ರೈಲಿನ ಸ್ಲೀಪರ್,
ಇಬ್ಬರಿಗೂ ಕೂಡಿ ಹದಿನಾಲ್ಕು ಸಾವಿರದ ಆರುನೂರು.
ಮುಂದಿನ ಮಾತಿಗೆ ಪಾಪ ತಲಿ ಕೆಳಗ ಹಾಕಿದ್ಲು:
ಇಷ್ಟು ಅಗ್ಗ ಯಾಕಂದ್ರ, ಮೌಶಿ, ಇದರಾಗ
ಊಟ ಸೇರಿಲ್ಲ.

ಏನಂದಿ?

ಊಟ ಸೇರಿಲ್ಲ, ನೀವೇ ಹೊರಗ ನೋಡ್ಕೋಬೇಕು.

ಅಲ್ಲಿ ಮಂದಿ ಏನ್ ತಿಂತಾರ?

ಗೊತ್ತಿಲ್ರಿ, ನಾನೂ ಹೋಗಿಲ್ಲ.

ಮಹಾನಂದಾ ನನ್ನ ಮಾರಿ ನೋಡಿದ್ಲು.
ಕುಬಸದೊಳಗ ಕೈ ಹಾಕಿದ್ಲು.
ಆರುನೂರು ಮಾತ್ರ ಬಿಡಿಸ್ಕೊಂಡೇ ಎದ್ಲು.

ಸಂಜಿಮುಂದ ಮೆಸ್ಸಿನ್ಯಾಗ ಹೇಳಿದ್ವಿ:
ಬರೋ ತಿಂಗಳ ಆರು ದಿನ ಬಂದ್.
ಇಂಡಿ ಹುಡುಗ ತುತ್ತು ಹಿಡದು ಕುಂತ:
ಹಂಗಾದ್ರ ನಾವು ಎಲ್ಲಿ ಉಣ್ಣೂದು, ಅಕ್ಕಾ?

ಮಹಾನಂದಾ ಬಂದು
ಬರಫಿನ ಡೋಂಗರದ ಆ ನುಣುಪು ಕಾಗದ
ಅವನ ತಾಟಿನ ಬಾಜೂಕ ಇಟ್ಲು:
ಇಲ್ಲಿ ಬಿಸಿ ಭಕ್ರಿ ಸಿಗ್ತದಂತ.
ಹೋಗ್ಬಾ.