ಮಂಗಳವಾರದ ಹೊರತು

ಒಂದು ಕೋಟಿ ಹತ್ತು ಲಕ್ಷ ತುಗ್ರಿಕ್.
ಕೇಳುವುದಕ್ಕೆ ಅರಮನೆಯ ಬೆಲೆ.
ಉಲಾನ್‌ಬಾತರಿನ ಈ ಮಂಜುಗಟ್ಟಿದ ಸಂತೆಯಲ್ಲಿ
ಹದಿನಾರು ವರ್ಷದ ಒಂದು ಪ್ರಿಯಸ್ಸಿನ ಬೆಲೆ;
ಆಸ್ಪತ್ರೆಯ ಅಡುಗೆಮನೆಯಲ್ಲಿ ನಾನು
ಆರು ವರ್ಷ ಸುಲಿದ ಆಲೂಗಡ್ಡೆಯ ಬೆಲೆ.

ಗಂಡನಿಗೆ ಎತ್ತರದ ಗಾಡಿ ಬೇಕಿತ್ತು,
ಹೊಳೆ ದಾಟುವಂಥದ್ದು, ಗುಡ್ಡ ಹತ್ತುವಂಥದ್ದು.
"ಯಾವ ಹೊಳೆ, ಗಾಲ್ಸಂದೋರ್ಜ್?" ಅಂದೆ.
"ನಾವು ದಾಟಬೇಕಾದ್ದು ನಾಲ್ಕು ಸಿಗ್ನಲ್ಲು.
ಮೈನಸ್ ಮೂವತ್ತರಲ್ಲಿ, ಬೆಳಗಿನ ಆರಕ್ಕೆ,
ಒಂದೇ ಸಲಕ್ಕೆ ಎದ್ದು ಉಸಿರಾಡಿದರೆ ಸಾಕು."

ಮಾವನೂ ಬಂದಿದ್ದರು, ಕುದುರೆಗಳ ನಡುವೆ ಬೆಳೆದವರು.
ಬಾನೆಟ್ ಎತ್ತಿಸಿ, ಬಗ್ಗಿ, ಮೂಸಿ,
ಟೈರಿಗೊಂದು ಒದ್ದು,
"ಸುಳಿ ಚೆನ್ನಾಗಿದೆ" ಅಂದರು. ಯಾವ ಸುಳಿಯೋ!
ಮೀಟರಿನಲ್ಲಿ ಬರೀ ತೊಂಬತ್ತೆರಡು ಸಾವಿರ.
ಬ್ರೇಕ್ ಪೆಡಲಿನ ರಬ್ಬರು ಮಾತ್ರ
ಮುದುಕಿಯ ಒಸಡಿನ ಹಾಗೆ ನುಣ್ಣಗೆ.
ಮಾವ ನಕ್ಕರು: "ಹಲ್ಲಿಗೆ ಅರ ಹಾಕಿ ಉಜ್ಜಿದ್ದಾರೆ.
ನಮ್ಮ ಕಾಲದಲ್ಲೂ ಉಜ್ಜುತ್ತಿದ್ದರು."

ಮಾರುವವನ ಹೆಸರು ಮ್ಯಾಗ್ಮರ್, ತಲೆಗೆ ನರಿತುಪ್ಪಳದ ಟೋಪಿ.
ಆಣೆ ಇಟ್ಟ: "ಓಡಿಸಿದವಳು ಜಪಾನಿನ ಒಬ್ಬ ಟೀಚರ್.
ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಅಷ್ಟೇ."
ಸಂತೆಯ ಅಷ್ಟೂ ಗಾಡಿಗಳನ್ನು
ಆ ಒಬ್ಬಳೇ ಟೀಚರ್ ಓಡಿಸಿರಬೇಕು;
ಪಕ್ಕದ ಸಾಲಿನವನೂ ಅವಳ ಮೇಲೆಯೇ ಆಣೆ ಇಡುತ್ತಿದ್ದ.

ನನ್ನ ತಮ್ಮ ದುಲ್ಗೂನ್
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅಡಿಗೆ ತೂರಿದ.
ಹೊರಗೆ ಉಳಿದದ್ದು ಎರಡು ಬೂಟು, ಒಂದು ಕೆಮ್ಮು.
ಎದ್ದು ಬಂದು ಮಂಜು ಕೊಡವಿಕೊಂಡ:
"ತುಕ್ಕಿದೆ, ಆದರೆ ಬಣ್ಣ ಬಳಿದು ಮುಚ್ಚಿಲ್ಲ.
ಬ್ಯಾಟರಿ ಎರಡು ಚಳಿಗಾಲ ತಾಳೀತು.
ಮೂರನೆಯದು ನಿನ್ನ ಹಣೆಬರಹ, ಅಕ್ಕ."

ಅವನು ಕೋಟಿ ಇಪ್ಪತ್ತೈದರಿಂದ ಇಳಿಯಲಿಲ್ಲ.
ನಾನು ಬೆನ್ನು ತಿರುಗಿಸಿ ಹೊರಟೆ.
ಹದಿನೇಳು ಹೆಜ್ಜೆ ಎಣಿಸಿದೆ, ಪ್ರತಿ ಹೆಜ್ಜೆಗೂ ಎದೆ ಡವಡವ,
ಇವನು ಕರೆಯದಿದ್ದರೆ ಇನ್ನೊಂದು ವರ್ಷ ಬಸ್ಸು.
ಹದಿನೆಂಟಕ್ಕೆ ಕರೆದ.

ಅಷ್ಟರಲ್ಲಿ ಖುಲಾನ್ ಹಿಂದಿನ ಸೀಟು ಹತ್ತಿ ಕೂತಿದ್ದಳು.
ಅಲ್ಲಿ ಎರಡು ಗುಳಿ,
ಯಾರದೋ ಮಗುವಿನ ಕುರ್ಚಿ ವರ್ಷಗಟ್ಟಲೆ ಒತ್ತಿದ ಗುರುತು.
ಸಂದಿಯಲ್ಲಿ ಬೆರಳಾಡಿಸಿ
ಮೀನಿನಾಕಾರದ ಹಳದಿ ಗುಂಡಿಯೊಂದನ್ನು ಎಳೆದು ತೆಗೆದಳು.
ಟೀಚರ್ ಸುಳ್ಳು. ಮಗು ನಿಜ.

ಮಾವ ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿದರು,
ತಗಲಿದಲ್ಲೇ ಹೆಪ್ಪುಗಟ್ಟಿತು.
ಗುಂಡಿ ಒತ್ತಿದೆ. ಒಳಗಿನಿಂದ ಒಬ್ಬ ಹೆಂಗಸು
ಮೆಲ್ಲಗೆ, ಮರ್ಯಾದೆಯಿಂದ, ಜಪಾನಿಯಲ್ಲಿ ಏನೋ ಹೇಳಿದಳು.
ಮಾವ ಟೋಪಿ ತೆಗೆದರು: "ಹರಸುತ್ತಿದ್ದಾಳೆ."
ಒಸಾಕಾದಲ್ಲಿ ದುಡಿದು ಬಂದ ಪಕ್ಕದ ಮನೆಯವನು
ಆಮೇಲೆ ನನ್ನ ಕಿವಿಯಲ್ಲಿ ಉಸುರಿದ:
"ಟೋಲಿನ ಕಾರ್ಡು ಹಾಕಿಲ್ಲ ಅಂತಿದೆ, ಅಷ್ಟೇ."
ಮಾವನಿಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ.

ನಂಬರಿನ ಕೊನೆಗೆ ಏಳು ಬಿತ್ತು.
ಏಳಕ್ಕೆ ಮಂಗಳವಾರ ರಸ್ತೆ ಇಲ್ಲ, ಊರಿನ ಕಾನೂನು.
ಆ ದಿನ ಅದು ಹಳೆಯ ಕಂಬಳಿ ಹೊದ್ದು ಮಲಗುತ್ತದೆ,
ನಾನು ಮತ್ತೆ ಅದೇ ಬಸ್ಸಿನಲ್ಲಿ, ಅವರಿವರ ಮೊಣಕೈ ನಡುವೆ.
"ಮಾರಿಬಿಟ್ಟೆಯಾ?" ಕೇಳುತ್ತಾಳೆ ಪ್ರತಿ ವಾರ
ಮೊಟ್ಟೆ ಮಾರುವ ಯಾಂಜ್ಮಾ.
"ಇಲ್ಲ, ಮಂಗಳವಾರ."
"ಹಾಗಾದರೆ ನಾಳೆ ಜಾಗ ಇದೆಯಾ?"

ಬುಧವಾರ ಅವಳು ಮುಂದೆ, ತೊಡೆಯ ಮೇಲೆ ಮೊಟ್ಟೆಯ ಟ್ರೇ.
ಹಿಂದೆ ಇನ್ನಿಬ್ಬರು, ಅವರ ನಡುವೆ ಖುಲಾನ್,
ಕೋಟಿಗೆ ಹೊಲಿದುಕೊಂಡ ಹಳದಿ ಮೀನು.
ಗುಂಡಿಗಳು ಬಂದರೆ ಎಲ್ಲರೂ ಒಟ್ಟಿಗೆ
ಮೊಟ್ಟೆಗಳಿಗಾಗಿ ಉಸಿರು ಬಿಗಿಹಿಡಿಯುತ್ತಾರೆ.

ನಾಲ್ಕು ತಿಂಗಳಾಯಿತು.
ಆರಕ್ಕೆ ಏಳುತ್ತದೆ. ಒಂದೇ ಸಲಕ್ಕೆ.
ಆ ಹೆಂಗಸು ಕಾರ್ಡು ಕೇಳುತ್ತಾಳೆ.
"ಆಯ್ತಮ್ಮ," ಅನ್ನುತ್ತೇನೆ,
ಗಾಜಿನ ಮಂಜು ಕೆರೆಯುತ್ತ, "ಆಯ್ತು, ನಡಿ."