ಬಲಮುಖದ ನಾಯಿ

ಕೂಪರಿನ ಹರಾಜುಕಟ್ಟೆಯಲ್ಲಿ ನನ್ನದು ಎತ್ತಿ ತೋರಿಸುವ ಕೆಲಸ.
ಮೆಲ್ಡ್ರಮ್ ನಂಬರು ಕೂಗುತ್ತಾನೆ,
ನಾನು ಎತ್ತುತ್ತೇನೆ:
ಹಿತ್ತಾಳೆಯ ಮೇಣದ ಕಂಬ, ಸತ್ತ ಗಡಿಯಾರ,
ಯಾರದೋ ಮದುವೆಯ ಬೆಳ್ಳಿ ಚಮಚಗಳಲ್ಲಿ ಉಳಿದ ಐದು.
ಬೆಲೆ ನನಗೆ ತಿಳಿಯದು. ತೂಕ ಗೊತ್ತು.
ಇಪ್ಪತ್ತೆರಡು ವರ್ಷ; ಈ ಸೀಮೆಯಲ್ಲಿ ಯಾವ ಮನೆಯ ಅಟ್ಟ ಎಷ್ಟು ಭಾರ
ನನ್ನ ಮೊಣಕೈಯನ್ನು ಕೇಳಿ.

ಗುರುವಾರ ತಪ್ಪದೆ ಎಫೀ ಟಾರ್ವಿಟ್ ಬರುತ್ತಾಳೆ
ಸೇಂಟ್ ಮೊನನ್ಸಿನಿಂದ, ಹತ್ತೂಕಾಲರ ಬಸ್ಸಿಗೆ.
ಮೂರನೆಯ ಸಾಲು, ಹೀಟರಿನ ಪಕ್ಕದ ಕುರ್ಚಿ.
ಕೊಳ್ಳುವುದು ಒಂದನ್ನೇ: ಪಿಂಗಾಣಿ ನಾಯಿ.
ಬಿಳಿ ಮೈ, ಕೆಂಪು ಕಿವಿ, ಕೊರಳಲ್ಲಿ ಚಿನ್ನದ ಗೆರೆಯ ಸರಪಳಿ,
ಮನುಷ್ಯರ ಮುಖಕ್ಕೆ ತುಸು ಹತ್ತಿರದ, ಬೇಸರದ ಮುಖ.
ಅಗ್ಗಿಷ್ಟಿಕೆಯ ಮೇಲೆ ಜೋಡಿಯಾಗಿ ಕೂರಬೇಕಾದವು,
ಒಂದು ಎಡಕ್ಕೆ ನೋಡುತ್ತ, ಒಂದು ಬಲಕ್ಕೆ.
ಜೋಡಿ ಬಂದರೆ ಎಫೀ ಕೈ ಎತ್ತುವುದಿಲ್ಲ.
ಎಡಮುಖದ್ದು ಒಂಟಿಯಾಗಿ ಬಂದರೂ ಇಲ್ಲ.
ಬಲಮುಖದ ಒಂಟಿ ಬಂತೋ
ಆ ತಿಂಗಳ ಕಲ್ಲಿದ್ದಲಿನ ದುಡ್ಡು ಹೋಯಿತೆಂದೇ ಲೆಕ್ಕ.

ಒಮ್ಮೆ ಮಂಜು ಬಿದ್ದು ಬಸ್ಸು ನಿಂತಾಗ ವ್ಯಾನಿನಲ್ಲಿ ಬಿಟ್ಟುಬಂದೆ.
ಬಾಗಿಲು ತೆರೆದರೆ, ಅಬ್ಬ,
ಕಪಾಟು, ಮೆಟ್ಟಿಲು, ರೇಡಿಯೋದ ತಲೆ,
ಮೂವತ್ತನಾಲ್ಕು ನಾಯಿ ಒಂದೇ ಕಡೆ ನೋಡುತ್ತಿವೆ,
ಈಗಷ್ಟೇ ಯಾರೋ ಎದ್ದುಹೋದ ಹಾಗೆ.
ಎದುರು ಗೋಡೆಗೆ ಒಂದೇ ಒಂದು, ಎಡಮುಖದ್ದು.
"ಅದು ಅಮ್ಮನದು" ಎಂದು ಚಹಾ ಬಸಿದಳು.
"ಗಂಡಸರು ಹೆರಿಂಗ್ ಮೀನಿಗೆ ಹೋದಾಗ
ಎರಡರ ಮುಖವನ್ನೂ ಕಿಟಕಿಯಾಚೆಗೆ ತಿರುಗಿಸುವಳು.
ದೋಣಿ ಬಂತೋ, ಮುಖ ಮನೆಯೊಳಗೆ.
ಆಮೇಲೆ ಅಮ್ಮ ಹೋದಳು. ಪಾಲಾಯಿತು.
ನೆಟ್ಟಾಗೊಂದು, ನನಗೊಂದು.
ಅವಳದರ ಕಿವಿ ಒಡೆದಿದೆ. ಒಡೆದವಳು ನಾನು, ಆರು ವರ್ಷದವಳು.
ಟೇಬಲ್ಲನ್ನು ಎರಡಾಗಿ ಕೊಯ್ಯಲಾಗಲಿಲ್ಲ, ಅದಕ್ಕೇ ಜಗಳ."
ಅಷ್ಟೇ. ಸಕ್ಕರೆ ಎಷ್ಟು ಎಂದು ಕೇಳಿದಳು.
ಅಕ್ಕತಂಗಿ ಮಾತು ಬಿಟ್ಟು ನಲವತ್ತೊಂದು ವರ್ಷವಂತೆ;
ಅದು ಬಸ್ಸಿನ ಡ್ರೈವರು ಹೇಳಿದ್ದು.

ಹೋದ ಗುರುವಾರ, ಲಾಟು ಇನ್ನೂರ ಹದಿನೆಂಟು:
'ಆರ್ಬ್ರೋತಿನ ಮನೆಯೊಂದರ ಅಡುಗೆ ಸಾಮಾನು, ಇತ್ಯಾದಿ.'
ರಟ್ಟಿನ ಪೆಟ್ಟಿಗೆ. ಜರಡಿ, ಕೇಕಿನ ತಟ್ಟೆ, ತುಕ್ಕಿನ ಕತ್ತರಿ,
ತಳದಲ್ಲಿ ಟವೆಲು ಸುತ್ತಿದ್ದೊಂದು.
ಕೈಗೆ ಬಂದಾಗಲೇ ತಿಳಿಯಿತು. ಒಳಗೆ ಟೊಳ್ಳು, ಹಕ್ಕಿಯ ತೂಕ.
ಎತ್ತಿದೆ.
ಕಿವಿಯ ತುದಿ ಇರಲಿಲ್ಲ. ಒಡೆದಲ್ಲಿ ಯಾರೋ ಉಗುರುಬಣ್ಣದಿಂದ
ಕೆಂಪು ಹಚ್ಚಿದ್ದರು, ಉಳಿದ ಕೆಂಪಿಗೆ ಹೊಂದದ ಕೆಂಪು.
ಮೂರನೆಯ ಸಾಲಲ್ಲಿ ಎಫೀ ತನ್ನ ಕಿವಿ ಮುಟ್ಟಿಕೊಂಡಳು.

ಪಟ್ಟಿ ತಿರುವಿ ನೋಡಿದಳು: ಆರ್ಬ್ರೋತ್. ಮನೆಯೊಂದರ.
ಮನೆ ಖಾಲಿಯಾಗದೆ ಜರಡಿ ಇಲ್ಲಿಗೆ ಬರುವುದಿಲ್ಲ.
ಅದು ಅವಳಿಗೂ ಗೊತ್ತು, ನನಗೂ ಗೊತ್ತು.
ಮೆಲ್ಡ್ರಮ್ ಹತ್ತು ಪೌಂಡಿನಿಂದ ಶುರು ಮಾಡಿದ.

ಡಂಡಿಯ ವ್ಯಾಪಾರಿಯೊಬ್ಬ ನಲವತ್ತರ ತನಕ ಏರಿಸಿದ.
ಎಫೀ ಎತ್ತಿದ ಕೈ ಇಳಿಸಲೇ ಇಲ್ಲ.
ಒಂದು ಸಾರಿ.
ಸಾಕು, ಇಳಿಸು ಎಂದು ಮೆಲ್ಡ್ರಮ್ ಕಣ್ಣಲ್ಲೇ ಹೇಳಿದ. ನಾನೂ ಇಳಿಸಲಿಲ್ಲ.
ಎರಡು ಸಾರಿ.
ಮೂರು.

"ಜರಡಿ ಗಿರಡಿ ಎಲ್ಲ ನೀನೇ ಇಟ್ಟುಕೋ" ಎಂದಳು.
ಸುತ್ತಲಿಕ್ಕೆ ಹಳೆ ಪೇಪರು ತಂದೆ, ಬೇಡವೆಂದಳು.
ಒಡೆದ ಕಿವಿಯ ಮೇಲೆ ಹೆಬ್ಬೆರಳಾಡಿಸಿ,
"ಇದು ನೆಟ್ಟಾ ಮಾಡಿದ್ದಲ್ಲ. ಅವಳು ಉಗುರಿಗೆ ಬಣ್ಣ ಹಚ್ಚುವವಳಲ್ಲ."
ತುಸು ತಡೆದು,
"ಹಚ್ಚುವವಳಾದಳೋ ಏನೋ."

ಮನೆಗೆ ಹೋಗಿ ಎರಡನ್ನೂ ಎದುರುಬದುರು ಕೂರಿಸಿದಳೋ,
ಉಳಿದ ಮೂವತ್ತನಾಲ್ಕನ್ನು ಏನು ಮಾಡಿದಳೋ.
ನಾನು ಕಂಡದ್ದು ಬಸ್ ಸ್ಟಾಪಿನ ತನಕ.
ನಾಲ್ಕೂ ಹತ್ತರ ಬಸ್ಸು, ಕಿಟಕಿ ಪಕ್ಕದ ಸೀಟು,
ಗಾಜಿನ ಮೇಲೆ ಉಸಿರಿನ ಹಬೆ. ಅದನ್ನು ತೋಳಿನಿಂದ ಒರೆಸಿ,
ತೊಡೆಯ ಮೇಲಿದ್ದುದನ್ನು ಎರಡೂ ಕೈಯಲ್ಲಿ ಹಿಡಿದು
ಮೆಲ್ಲಗೆ ತಿರುಗಿಸಿದಳು, ಮುಖ ಆಚೆಗೆ.

ಬಸ್ಸು ಹೊರಟಿತು. ನಾನು ಕೈ ಬೀಸಲಿಲ್ಲ,
ಕೈಯಲ್ಲಿ ಜರಡಿ ಇತ್ತು.