ನಾಲ್ಕು ಬೆರಳು ಸಡಿಲ

ಹನ್ನೊಂದು ಪೌಂಡಿಗೆ ಕೊಂಡದ್ದು.
ಹಳೇ ಸಾಮಾನಿನ ಅಂಗಡಿಯಲ್ಲಿ, ತಂತಿ ಹರಿದ
ಟೋಸ್ಟರಿನ ಕೆಳಗೆ ಮಡಿಸಿಟ್ಟಿದ್ದರು.
ಹಮದಾನಿನ ಕಡೆಯ ಯಾವುದೋ ಹಳ್ಳಿಯದಂತೆ,
ನೂರು ವರ್ಷವಾದರೂ ಆಗಿರಬೇಕಂತೆ.
ಬಿಡಿಸಿದರೆ ಸೊಟ್ಟ:
ತಲೆಯ ಕಡೆ ಐದು ಗೇಣು,
ಕಾಲ ಕಡೆ ಬರುವಷ್ಟರಲ್ಲಿ ಅರ್ಧ ಗೇಣು ಸೊರಗಿತ್ತು.

ಹೆಗಲ ಮೇಲೆ ಹೊತ್ತು ಟಾಲಿಯ ಬಳಿ ಹೋದೆ.
ಕಿಡರ್‌ಮಿನ್‌ಸ್ಟರಿನ ಕಾಲುವೆ ದಂಡೆ,
ಮುಚ್ಚಿದ ಕಾರ್ಪೆಟ್ ಗಿರಣಿಯ ಹಿಂದೊಂದು ಶೆಡ್ಡು.
ಮೂವತ್ತೆರಡು ವರ್ಷ ಯಂತ್ರದ ಮಗ್ಗ ಓಡಿಸಿದವ;
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾನೆ.
"ನೇರ ಮಾಡಿಕೊಡಿ," ಎಂದೆ ಬಲಗಿವಿಗೆ,
"ಮತ್ತೆ ಇಲ್ಲಿ ನೋಡಿ, ಕೆಂಪು ಅರ್ಧಕ್ಕೇ
ಇಟ್ಟಿಗೆಯಾಗಿದೆ. ಮೋಸ ಹೋದೆನೇ?"

ಟಾಲಿ ಮಾತಾಡಲಿಲ್ಲ. ಮಗುಚಿ ಹಾಕಿದ,
ಡಾಕ್ಟರು ಮಗುವನ್ನು ಬೋರಲು ಮಲಗಿಸುವ ಹಾಗೆ.
"ಮುಖ ಯಾರಿಗಾದರೂ ನಗುತ್ತದೆ. ಬೆನ್ನು ಓದು."

ಓದಿದೆವು. ಅವನ ಉಗುರು ಮುಂದೆ, ನನ್ನ ಕಣ್ಣು ಹಿಂದೆ.
ಇಲ್ಲಿ ಬಣ್ಣದ ಹಂಡೆ ಬರಿದಾಯಿತು;
ಮುಂದಿನ ಹಂಡೆಗೆ ಬೇರು ಸಾಲಲಿಲ್ಲ,
ಇಲ್ಲವೇ ನೀರು ಬೇರೆ ಬಾವಿಯದು.
ಇಲ್ಲೊಂದು ಮೇಕೆ, ಜಾಗ ಸಾಲದೆ
ಹಿಂಗಾಲು ಅಂಚಿನಾಚೆಗೇ ಉಳಿಯಿತು.
ಇಲ್ಲಿಯತನಕ ಗಂಟು ಬಿಗಿ, ಸಾಸಿವೆ ಒತ್ತಿಟ್ಟ ಹಾಗೆ.
ಇದ್ದಕ್ಕಿದ್ದಂತೆ ನಾಲ್ಕು ಬೆರಳು ಸಡಿಲ.
ಆಮೇಲೆ ಮತ್ತೆ ಬಿಗಿ.

"ಯಾರೋ ಬೇರೆಯವರು ಕೂತಿದ್ದರು," ಎಂದ.
ಹೆರಿಗೆಯೇ? ಜ್ವರವೇ? ತಂಗಿಯ ಕೈಗೆ
ಒಂದು ವಾರ ಕೊಟ್ಟು ನೋಡಿದ್ದೇ?
ಹೆಗಲು ಕುಣಿಸಿದ.
"ಮೊದಲಿನವಳು ವಾಪಸು ಬಂದಳು. ಅಷ್ಟೇ ಬರೆದಿದೆ."

ಅವನ ಗಿರಣಿಯಲ್ಲಿ ಒಂದು ಎಳೆ ತಪ್ಪಿದರೆ
ಸಂಬಳದಲ್ಲಿ ಮುರಿಯುತ್ತಿದ್ದರಂತೆ.
ಮೈಲುಗಟ್ಟಲೆ ನೇಯ್ದ, ಹೋಟೆಲಿನ ಓಣಿಗಳಿಗೆ, ಹಡಗುಗಳಿಗೆ.
"ಒಂದರಲ್ಲೂ ನಾನಿಲ್ಲ," ಎಂದು
ದೂರಿನಂತಲ್ಲ, ಲೆಕ್ಕ ಒಪ್ಪಿಸಿದಂತೆ ಹೇಳಿ
ಚಹಾಕ್ಕೆ ನೀರಿಡಲು ಎದ್ದ.

ನುಸಿ ತಿಂದ ತೂತನ್ನು ಮಾತ್ರ ತುಂಬಿಕೊಟ್ಟ,
ಮಂಜಿಷ್ಠದ ಬೇರು ತಾನೇ ಕುದಿಸಿ,
ಹಾಸಿಗೆ ಹಾಸು, ಹೊಕ್ಕಿಗೆ ಹೊಕ್ಕು.
ಸೊಟ್ಟ ಸೊಟ್ಟವಾಗಿಯೇ ಉಳಿಯಿತು.
ಬಿಲ್ಲು ನೂರ ನಲವತ್ತು ಪೌಂಡು.
ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಿದ್ದು
ಅವನ ಎಡಗಿವಿಯ ಪಕ್ಕದಲ್ಲಿ.

ಈಗ ಮಂಚದ ಪಕ್ಕ ಹಾಸಿದೆ.
ಇರುಳು ನೀರಿಗೆಂದು ಎದ್ದಾಗ
ದೀಪ ಹಾಕದೆ ಬರಿಗಾಲು ಇಡುತ್ತೇನೆ:
ಬಿಗಿ, ಬಿಗಿ,
ಮೆತ್ತಗೆ ನಾಲ್ಕು ಬೆರಳು.
ಅಲ್ಲಿ ಸ್ವಲ್ಪ ನಿಲ್ಲುತ್ತೇನೆ.
ಬದಲಿಗೆ ಕೂತವಳು
ಇನ್ನೂ ಎದ್ದಿಲ್ಲ.